ಈ ಫಿಲ್ಮಿನ ಹೆತ್ತವರು ಯಾರು?

ತಮಿಳು ಸೀಮೆಯ ಪೀಳಮೇಡಿನಲ್ಲಿರುವ ನಮ್ಮ ಕನ್ನಡದ ಮನೆಯ ಹಿಂಬದಿಯಲ್ಲಿ ಕಪ್ಪು ಬಿಳುಪು ಫಿಲ್ಮು ತೊಳೆದುಕೊಡುವ ಕತ್ತಲೆ ಕೋಣೆಯೊಂದನ್ನು ಇಟ್ಟುಕೊಂಡಿದ್ದೇನೆ. ಈ ಕಾಲದಲ್ಲೂ ಗಿರಾಕಿಗಳು ಬರುತ್ತಾರೆ, ಅವರ ಹಿಂದೆಯೇ ಪೇಚೂ ಬರುತ್ತದೆ. ಯಾರೋ ತಯಾರಿಸಿದ ಫಿಲ್ಮನ್ನು ಇನ್ಯಾರೋ ತಮ್ಮ ಹೆಸರಿನ ಡಬ್ಬಿಗೆ ಹಾಕಿ ಮಾರುವುದು ಈಗ ಮಾಮೂಲು. ಅಸಲಿ ತಯಾರಕರು ಗೊತ್ತಾಗದಿದ್ದರೆ ಎಷ್ಟು ನಿಮಿಷ ತೊಳೆಯಬೇಕೆಂಬುದೂ ಗೊತ್ತಾಗುವುದಿಲ್ಲ; ಹೆಚ್ಚು ಕಡಿಮೆಯಾದರೆ ಚಿತ್ರ ಕೆಟ್ಟಂತೆ.

೧. ಮಾರಿದವನ ಮಾತು

ಒಬ್ಬ ಕಾಲೇಜು ಮೇಷ್ಟ್ರು ಅಂಥ ಎರಡು ರೋಲು ತಂದರು. ಒಂದು ಖಾಲಿ. ಇನ್ನೊಂದರಲ್ಲಿ ವಾಲ್ಪಾರೈ ಬೆಟ್ಟದ ಎಸ್ಟೇಟಿನಲ್ಲಿ ಟೀ ಎಲೆ ಕೀಳುತ್ತಿದ್ದ ಅವರ ಅಮ್ಮ, ಕೆಲಸದ ಕಡೇ ದಿನ, ಜೊತೆಗಾರ್ತಿಯರೊಂದಿಗೆ.

"ಆ ದಿನ ಮತ್ತೆ ಬರೋದಿಲ್ಲ ಸಾರ್, ಕೆಡಿಸಬೇಡಿ" ಎಂದರು. ಡಬ್ಬಿಯ ಮೇಲೆ ಹುಲಿಯ ಚಿತ್ರ ಬಿಟ್ಟರೆ ಏನೂ ಇರಲಿಲ್ಲ.

ಮಾರಿದವನಿಗೆ ಫೋನ್ ಮಾಡಿದೆ.

"ನಾವೇ ತಯಾರಿಸೋದು ಸಾರ್."

"ಫ್ಯಾಕ್ಟರಿ ಎಲ್ಲಿದೆ?"

"ಅದನ್ನ ಫ್ಯಾಕ್ಟರಿಯವರನ್ನೇ ಕೇಳಬೇಕು ಸಾರ್."

೨. ಅಪ್ಪನ ಪರೀಕ್ಷೆ

ಅಪ್ಪ ಹಳೇ ನೇಕಾರ. ನೂಲು ಯಾವುದೆಂದು ತಿಳಿಯಬೇಕಾದರೆ ಎಳೆ ಸುಟ್ಟು ಮೂಸಿ ನೋಡುವುದು ನಮ್ಮವರ ಕ್ರಮ. ಪರೀಕ್ಷೆಗೆಂದು ಖಾಲಿ ರೋಲಿನಿಂದ ಗೇಣುದ್ದ ಕತ್ತರಿಸಿ ಮೇಜಿನ ಮೇಲಿಟ್ಟು ನಾನು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಗಬ್ಬು ಹೊಗೆ. ಅಮ್ಮ ಬಯ್ಯುತ್ತಾ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದಳು. ಅಪ್ಪ ಮಾತ್ರ ಕಣ್ಣು ಮುಚ್ಚಿ, ಸುಟ್ಟು ಉಳಿದ ಕಪ್ಪು ಉಂಡೆಯನ್ನು ಬೆರಳಲ್ಲಿ ತಿಕ್ಕಿ, ತೀರ್ಪು ಕೊಟ್ಟರು:

"ಸತ್ಯವಾ ಹೇಳ್ತೀನಿ ಕಣ್ಣೂ, ಇದು ಹತ್ತಿ ಅಲ್ಲ."

೩. ಅಕ್ಕನ ಬುದ್ಧಿ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಲೇಬಲ್ ಹೊಲಿಯುವ ಅಕ್ಕನಿಗೆ ಗೋಳು ಹೇಳಿಕೊಂಡೆ.

"ಲೇಬಲ್ ನೋಡಿ ಏನ್ ಪ್ರಯೋಜನ ತಂಬೀ? ಅದೇ ಬಟ್ಟೆಗೆ ಬೆಳಗ್ಗೆ ಒಂದು ಕಂಪನಿ ಲೇಬಲ್ ಹೊಲಿತೀನಿ, ಮಧ್ಯಾಹ್ನ ಇನ್ನೊಂದರದ್ದು. ಅಂಚು ನೋಡು, ಮಾಡಿದೋರ ಗುರುತು ಅಲ್ಲಿರುತ್ತೆ" ಎಂದಳು.

ಖಾಲಿ ರೋಲಿನ ಇನ್ನೊಂದು ತುಂಡು ತೊಳೆದೆ. ಅಂಚಿನಲ್ಲಿ ಪುಟ್ಟ ಅಂಕಿಗಳು ಮೂಡಿದವು. ಹಳೆಯ ನೆಗೆಟಿವ್‌ಗಳ ಪಕ್ಕ ಇಟ್ಟು ಹೋಲಿಸಿದರೆ, ಒಂದರ ಅಂಕಿಗಳು ಅಚ್ಚು ಹೀಗೇ! "ಫಿಲ್ಮ್ ಅಂದರೆ ಇದೊಂದೇ, ಉಳಿದದ್ದೆಲ್ಲ ಕಸ" ಎಂದು ನಾನು ವರ್ಷಗಟ್ಟಲೆ ಹಾಡಿ ಹೊಗಳಿದ ಕಂಪನಿಯದ್ದು. ಹೊಸ ಹೆಸರಿನ ಡಬ್ಬಿ ತಂದವರಿಗೆಲ್ಲ ಬೈದು ಬುದ್ಧಿ ಹೇಳಿದ್ದೆ.

ಅಕ್ಕ ಕೇಳಿದಳು, "ಹಂಗಾದ್ರೆ ಇಷ್ಟು ದಿನ ನೀನು ಬೈದದ್ದು ಯಾರನ್ನ?"

೪. ಫೋಟೋದ ಬೆನ್ನು

ಆ ಕಂಪನಿ ಹೇಳಿದಷ್ಟೇ ನಿಮಿಷ ಮೇಷ್ಟ್ರ ರೋಲು ತೊಳೆದೆ. ಎಲ್ಲರ ಮುಖವೂ ಸ್ಪಷ್ಟವಾಗಿ ಬಂದಿತ್ತು! ಖುಷಿಗೆ ಒಬ್ಬನೇ ಕೂಗಿಕೊಂಡೆ.

ಪ್ರಿಂಟು ನೋಡಲು ಮೇಷ್ಟ್ರ ಅಮ್ಮನೇ ಬೆಟ್ಟ ಇಳಿದು ಬಂದರು. ತಯಾರಕರನ್ನು ಪತ್ತೆ ಹಚ್ಚಿದ ನನ್ನ ಸಾಹಸವನ್ನು ತಮಿಳಿನಲ್ಲಿ ವರ್ಣಿಸಿದೆ. ಅವರು ತಮಿಳಿನಲ್ಲೇ ಅಂದರು:

"ನಾವು ಕಿತ್ತ ಎಲೆಗೂ ಎಷ್ಟೋ ಹೆಸರಿನ ಪೊಟ್ಟಣ, ತಂಬಿ. ಕಿತ್ತವರು ಯಾರು ಅಂತ ಒಬ್ಬರೂ ಬೆಟ್ಟ ಹತ್ತಿ ಬಂದು ಕೇಳಲಿಲ್ಲ. ಇದರ ಹಿಂದೆ ನಮ್ಮೆಲ್ಲರ ಹೆಸರು ಬರಿ."

ಅವರು ಬೆರಳಿಟ್ಟು ತೋರಿಸಿದಂತೆ ಒಂದೊಂದೇ ಹೆಸರು ಬರೆದೆ. ತುಂಬಿದ ಬುಟ್ಟಿ ಹೊತ್ತು, ನಡುವೆ ನಿಂತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಒಬ್ಬಳು ಮಾತ್ರ ಉಳಿದಳು.

"ಇವರ ಹೆಸರು?"

"ಅವಳದು ಬೇಡ. ಜನ್ಮದಲ್ಲಿ ಒಂದು ಎಲೆ ಕಿತ್ತವಳಲ್ಲ. ನಮ್ಮಿಂದ ಕೆಲಸ ತೆಗೆಸೋ ಎಸ್ಟೇಟ್ ಮೇಸ್ತ್ರಿಯ ಹೆಂಡತಿ. ಫೋಟೋ ಅಂದ ತಕ್ಷಣ ಓಡಿ ಬಂದು, ನನ್ನ ಬುಟ್ಟಿ ಕಿತ್ತುಕೊಂಡು ನಿಂತಳು!"