ಮೊದಲೇ ಬಂದ ಉತ್ತರ

ಸರ್ವಮಂಗಳಮ್ಮ ಮೊರ ಮುಂದಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ, ಯಾರೋ ಕಿವಿಯ ಹತ್ತಿರವೇ ಬಂದು "ಒಂದು ಲೋಟ ಕಾಫಿ" ಅಂದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಗಂಡ ಷಡಕ್ಷರಪ್ಪ ಅಂಗಳದಾಚೆಯ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದರು. ಮುಖದಲ್ಲಿ ಮಾತ್ರ ಹಬ್ಬ.

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಯಂತ್ರ ಕಟ್ಟುವುದೇ ಕೆಲಸ. ಈ ಸಲದ್ದರ ಪರದೆಯ ಮೇಲೆ ಒಬ್ಬೊಬ್ಬರಿಗೂ ಮೇಲಿಂದ ಕೆಳಕ್ಕೆ ಒಂದೊಂದು ಗೆರೆ. ಒಬ್ಬರ ಗೆರೆಯಿಂದ ಇನ್ನೊಬ್ಬರ ಗೆರೆಗೆ ಎಳೆದ ಬಾಣವೇ ಮಾತು. ಚುಕ್ಕೆ ಚುಕ್ಕೆಯ ಬಾಣ ಅದಕ್ಕೆ ಉತ್ತರ. ಮೇಲಿನದು ಮೊದಲು, ಕೆಳಗಿನದು ಆಮೇಲೆ.

"ಕಾಲೇಜು ಹುಡುಗರು ಇಂಥ ಚಿತ್ರ ಬರೆದು ಸುಮ್ಮನಾಗ್ತಾರೆ ಮಂಗಳಾ. ಇಲ್ಲಿ ಬರೆದದ್ದು ನಡೆಯುತ್ತೆ," ಎಂದರು.

ಹಿಂದಿನ ಯಂತ್ರಗಳಿಗೆಲ್ಲ ನಕ್ಕಿದ್ದ ಮಂಗಳಮ್ಮ ಈ ಸಲ ನಗಲಾರದೆ ಕಾಫಿಗಿಟ್ಟರು.

ಮರುದಿನ, ಹಾಲಿಗೆ ನೀರು ಜಾಸ್ತಿಯಾಯಿತೆಂದು ಹಾಲಿನ ಬಸಣ್ಣನಿಗೆ ತಿಳಿಸಲು ಗಂಡ ಬಾಣ ಎಳೆದರು. ಕನ್ನಡಕ ಹಾಕಿರಲಿಲ್ಲ, ಬಾಣದ ಮೂತಿ ಹೆಂಡತಿಯ ಗೆರೆಯತ್ತಲೇ ತಿರುಗಿತ್ತು. ಬಸಣ್ಣ ಬಾಗಿಲಿಗೆ ಬಂದು, "ಅಮ್ಮಾರೇ, ನಿಮ್ಮ ಹಾಲು ಬರೀ ನೀರು. ಹಿಂಗಾದ್ರೆ ನಾನು ಬೇರೆ ಮನೆ ನೋಡ್ಕೋತೀನಿ," ಎಂದು ಗದರಿ ಹೋದ. ಅದನ್ನು ಸರಿಪಡಿಸಲು ಹೋಗಿ ಷಡಕ್ಷರಪ್ಪ ಉತ್ತರದ ಬಾಣಗಳನ್ನೆಲ್ಲ ಮೇಲಕ್ಕೆ ಜರುಗಿಸಿಬಿಟ್ಟರು. ಪಕ್ಕದ ಮನೆಯ ರುದ್ರಾಣಮ್ಮ ಗೋಡೆಯ ಮೇಲಿಂದ ಇಣುಕಿ, ನಮ್ಮಲ್ಲೂ ಕರಿಬೇವು ಮುಗಿದಿದೆ ಎಂದಾಗ ಮಂಗಳಮ್ಮನಿಗಿನ್ನೂ ಒಗ್ಗರಣೆಯ ಯೋಚನೆಯೇ ಬಂದಿರಲಿಲ್ಲ.

ಪರದೆಯ ಅಂಚಿನಲ್ಲಿ ಗಂಡ ಹೇಳದೆ ಕೇಳದೆ ಇನ್ನೊಂದು ಗೆರೆ ಎಳೆದಿದ್ದರು: ಮಂಗಳಮ್ಮನ ತಂಗಿ ಗಿರಿಜಾಂಬ. ಅಕ್ಕನ ಗೆರೆಯಿಂದ ಅವಳಿಗೊಂದು ಬಾಣ, ಅವಳಿಂದ ಉತ್ತರದ ಚುಕ್ಕೆ ಬಾಣ. ತಾಯಿ ತೀರಿಕೊಂಡ ವರ್ಷ ತವರಿನ ಗೌರಿ ಬಾಗಿನವನ್ನು ಅಕ್ಕ ತಾನೇ ಒಯ್ಯದೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದರು. ಬಾಗಿನ ಅದೇ ಬಸ್ಸಿನಲ್ಲಿ ವಾಪಸು ಬಂತು. ಅಂದಿನಿಂದ ಮಾತಿಲ್ಲ. ದೊಡ್ಡವಳೇ ಮೊದಲು ಕರೆಯಲಿ ಎಂದು ಅವಳು, ಚಿಕ್ಕವಳೇ ಮೊದಲು ಬಗ್ಗಲಿ ಎಂದು ಇವರು. ಫೋನು ಮಾಡಿದರೂ ಮೊದಲು ಹಲೋ ಅನ್ನಬೇಕಾದವರು ಯಾರು? ಮಂಗಳಮ್ಮ ತಂಗಿಗೆ ಬರೆದು ಅಂಚೆಗೆ ಹಾಕದೆ ಇಟ್ಟ ಕಾಗದ ಅರಿಸಿನದ ಡಬ್ಬಿಯ ಕೆಳಗೇ ಹಳದಿಯಾಗುತ್ತಿತ್ತು.

ಆ ಮಧ್ಯಾಹ್ನ ಅಂಚೆಯವನು ಒಂದು ಇನ್‌ಲ್ಯಾಂಡ್ ಕೊಟ್ಟ. ಗಿರಿಜೆಯದೇ ಅಕ್ಷರ. "ಅಕ್ಕಾ, ನಿನ್ನ ಕಾಗದ ಓದಿದೆ. ಆಗ ನೀನು ಜ್ವರದಲ್ಲಿ ಮಲಗಿದ್ದೆ ಅಂತ ನನಗೆ ಯಾರೂ ಹೇಳಲಿಲ್ಲ. ಈ ಸಲ ಬಾಗಿನ ನೀನೇ ತಗೊಂಡು ಬಾ. ಭಾರವಾದರೆ ಬಸ್‌ಸ್ಟ್ಯಾಂಡಿಗೆ ನಾನು ಬರ್ತೀನಿ."

ಜ್ವರದ ಮಾತು ಇದ್ದದ್ದು ಹಾಕದ ಆ ಕಾಗದದಲ್ಲಿ ಮಾತ್ರ. ಮಂಗಳಮ್ಮ ಚಪ್ಪಲಿ ಬಿಟ್ಟು, ಗುಡಿಗೆ ಬಂದವರಂತೆ ಯಂತ್ರದ ಕೋಣೆಯ ಹೊಸ್ತಿಲಲ್ಲಿ ನಿಂತರು.

ಅಷ್ಟರಲ್ಲಿ ಮನೆಯೆಲ್ಲ ಸ್ತಬ್ಧವಾಯಿತು. ಕುಕ್ಕರು ಬುಸುಗುಟ್ಟುತ್ತಿದೆ, ಸೀಟಿ ಹೊಡೆಯದು. ನಲ್ಲಿಯ ತುದಿಯಲ್ಲಿ ಹನಿಯೊಂದು ತೂಗುತ್ತಿದೆ, ಬೀಳದು. ಗೋಡೆಯಾಚೆ ರುದ್ರಾಣಮ್ಮನ ಸೀನು ಅರ್ಧಕ್ಕೇ ನಿಂತಿದೆ.

"ಉತ್ತರ ಬಂದಿದೆ, ಮಾತು ಹೋಗಿಲ್ಲ. ಅದಕ್ಕೇ ಮಿಕ್ಕದ್ದೆಲ್ಲ ಕಾಯ್ತಿದೆ," ಎಂದು ಷಡಕ್ಷರಪ್ಪ ಬೆವರು ಒರೆಸಿಕೊಂಡರು. "ಉತ್ತರದ ಬಾಣ ಅಳಿಸಿದರೆ ಸರಿಹೋಗುತ್ತೆ. ಆದರೆ ಗಿರಿಜೆಯ ಕಾಗದ ಬಂದೇ ಇಲ್ಲ ಅಂತಾಗುತ್ತೆ. ಅಳಿಸಲಾ?"

"ಅದಕ್ಕೆ ಕೈ ಹಚ್ಚಿದ್ರೆ ನೋಡಿ."

ಮಂಗಳಮ್ಮ ಅರಿಸಿನದ ಡಬ್ಬಿ ಎತ್ತಿದರು, ಕಾಗದ ಸೆರಗಿಗೆ ಒರೆಸಿದರು, ಬರಿಗಾಲಲ್ಲೇ ಬೀದಿ ತುದಿಯ ಕೆಂಪು ಅಂಚೆ ಡಬ್ಬಿಗೆ ನಡೆದರು. ಹಿಂದೆಯೇ ಓಡಿಬಂದ ಗಂಡ, ಉತ್ತರ ಓದಿಕೊಂಡು ಕಾಗದ ಹಾಕುವವಳು ಪ್ರಪಂಚದಲ್ಲಿ ನೀನೊಬ್ಬಳೇ ಎಂದರು.

"ಉತ್ತರ ಗೊತ್ತಿಲ್ಲದಿದ್ರೆ ಯಾರು ಹಾಕ್ತಿದ್ರು ರೀ," ಎಂದು ಮಂಗಳಮ್ಮ ಕಾಗದವನ್ನು ಒಳಗೆ ಬಿಟ್ಟರು. ಬೀದಿಯುದ್ದಕ್ಕೂ ಕೇಳುವಂತೆ ಕುಕ್ಕರು ಕೂಗಿತು, ರುದ್ರಾಣಮ್ಮ ಸೀನಿದರು.