ಎಂಬತ್ನಾಲ್ಕು ಹೋಳಿಗೆ, ಹನ್ನೆರಡು ಮನೆ

ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಜೆ ಭಾಗಾಕಾರವನ್ನು ಶಾಲೆಯಲ್ಲೇ ಬಿಟ್ಟು ಹೊರಟರೂ, ಹಾಳಾದ್ದು ನನ್ನ ಜೊತೆಗೇ ಬಸ್ ಹತ್ತಿ ಸೊಲ್ಲಾಪುರದ ಮನೆವರೆಗೂ ಬರುತ್ತದೆ.

೧. ಎಲ್ಲಕ್ಕೂ ನಡೆಯುವ ಉತ್ತರ

"ಮೂವತ್ತಾರು, ನಲವತ್ತೆಂಟರ ಸಾಮಾನ್ಯ ಅಪವರ್ತನ ಹೇಳು" ಎಂದೆ.

"ಒಂದು ರೀ ಬಾಯಾರ" ಎಂದಳು ಹುಡುಗಿ. ನಮ್ಮಲ್ಲಿ ಟೀಚರಮ್ಮನನ್ನು ಹಾಗೇ ಕರೆಯುವುದು.

"ಖರೆ. ಅದಕ್ಕಿಂತ ದೊಡ್ಡದು?"

"ದೊಡ್ಡದು ಯಾಕ ಬೇಕ್ರಿ? ಒಂದು ಎಲ್ಲಾದಕ್ಕೂ ನಡೀತದ."

ಪರೀಕ್ಷೆಯಲ್ಲೂ ಎಲ್ಲ ಪ್ರಶ್ನೆಗೆ ಒಂದು ಎಂದೇ ಬರೆದಳು. ನಾನೂ ಒಂದೇ ಮಾರ್ಕು ಕೊಟ್ಟೆ. ಅದು ಮಾತ್ರ ನಡೆಯಲಿಲ್ಲ, ಅವರವ್ವನನ್ನು ಕರೆದುಕೊಂಡು ಬಂದಳು.

೨. ಶುಭ ನಂಬರು

ಪಕ್ಕದ ಮನೆಯ ಕ್ಲರ್ಕು ಹೊಸ ಸ್ಕೂಟರ್ ತಂದರು. ನಂಬರಿನ ಅಂಕಿ ಕೂಡಿದರೆ ಒಂಬತ್ತು, ಶುಭ ಅಂತ ಓಣಿಗೆಲ್ಲ ಪೇಢೆ ಹಂಚಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹಂಗಾದ್ರ ಒಂಬತ್ತರಿಂದ ಭಾಗ ಹೋಗ್ತದ್ರಿ. ಮೂರರಿಂದನೂ ಹೋಗ್ತದ" ಎಂದೆ.

ಅವರ ಮುಖ ಸಣ್ಣದಾಯಿತು. "ಮೂರು ಭಾಗ? ಬಾಯಾರ, ಮನಿಯಾಗ ನಾವು ಮೂರು ಮಂದಿ ಅಣ್ಣತಮ್ಮರು ಅದೀವ್ರಿ! ಇದನ್ನ ಅವರ ಮುಂದ ಹೇಳಬ್ಯಾಡ್ರಿ."

ಅಂದಿನಿಂದ ಸ್ನಾನಕ್ಕೆ ಹೋದರೂ ಕೀಲಿಕೈ ಅವರ ಜೊತೆಗೇ.

೩. ಒಂದು ಹೋಳಿಗೆ

ನನ್ನ ತಂಗಿಯ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಬೀಗರ ಊರು ಭಂಡಾರಕವಠೆ, ಅಲ್ಲಿ ಅವರ ಅಣ್ಣತಮ್ಮಂದಿರ ಹನ್ನೆರಡು ಮನೆ. ಎಲ್ಲರಿಗೂ ಸಮನಾಗಿ ಗಂಟು ಕಟ್ಟಿಕೊಡಬೇಕು. ಒಂದು ಮನೆಗೆ ಒಂದು ಹೋಳಿಗೆ ಹೆಚ್ಚಾದರೂ ಉಳಿದವರು ಲಗ್ನಕ್ಕೇ ಬರುವುದಿಲ್ಲವಂತೆ. ಅವ್ವನ ಕಟ್ಟಳೆ ಬೇರೆ: ಬೀಗರಿಗೆಂದು ಮಾಡಿದ್ದು ನಮ್ಮ ಮನೆಯಲ್ಲಿ ಒಂದೂ ಉಳಿಯಬಾರದು.

"ಅಕ್ಕಾ, ನಿನ್ನ ಗಣಿತದ ಮ್ಯಾಲೆ ನನ್ನ ಲಗ್ನ ನಿಂತದ" ಎಂದಳು ತಂಗಿ.

ಎಂಬತ್ನಾಲ್ಕು ಶೇಂಗಾ ಹೋಳಿಗೆ, ಅರವತ್ತು ಕರ್ಚಿಕಾಯಿ. ಮಹತ್ತಮ ಸಾಮಾನ್ಯ ಅಪವರ್ತನ ಸರಿಯಾಗಿ ಹನ್ನೆರಡು! ಮನೆಗೆ ಏಳು ಹೋಳಿಗೆ, ಐದು ಕರ್ಚಿಕಾಯಿ. ನಾನು ಕುಣಿಯುವುದೊಂದೇ ಬಾಕಿ. ಕಟ್ಟಲು ಕೂತರೆ ಕೊನೆಯ ಗಂಟಿಗೆ ಆರೇ ಹೋಳಿಗೆ!

ಎಂಬತ್ಮೂರು ಅವಿಭಾಜ್ಯ ಸಂಖ್ಯೆ, ಯಾರಪ್ಪ ಬಂದರೂ ಭಾಗ ಹೋಗದು. ಇನ್ನೊಂದು ಮಾಡೋಣವೆಂದರೆ ಹೂರಣ ತೀರಿತ್ತು. ತಂಗಿ ಅಳತೊಡಗಿದಳು.

ಆಗ ಹುಡುಗನ ಅಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮೀಸೆಯ ತುಂಬ ಶೇಂಗಾ ಪುಡಿ.

"ನೀರು ಕುಡ್ಯಾಕ ಬಂದಿದ್ದೆ. ವಾಸನಿಗೆ ತಡೀಲಿಲ್ರಿ. ಈಗೇನ್ ಮಾಡೋದು?"

"ಎಪ್ಪತ್ತೆರಡಕ್ಕ ಇಳಿಸಿದ್ರ ಮನಿಗೆ ಆರು ಬರ್ತಾವ್ರಿ ಮಾಮಾ. ಇನ್ನ ಹನ್ನೊಂದು ನೀವ ತಿನ್ನಬೇಕು."

"ನಾ ಒಬ್ಬನ?"

"ಬ್ಯಾರೆಯವರಿಗೆ ಕೊಟ್ರ ಮತ್ತ ಹೆಚ್ಚುಕಮ್ಮಿ ಆಗ್ತದಲ್ರಿ!"

ಅವರು ಅಲ್ಲೇ ಕೂತರು. ಅವ್ವ ತುಪ್ಪ ಸುರಿದಳು. ಅಳುತ್ತಿದ್ದ ತಂಗಿಯೇ ನಗು ತಡೆಯಲಾರದೆ ಎಣಿಸಿ ಎಣಿಸಿ ಬಡಿಸಿದಳು. ಹನ್ನೆರಡು ಗಂಟೂ ಸಮನಾದವು, ಲಗ್ನವೂ ಗಟ್ಟಿಯಾಯಿತು.

ಹೊರಡುವಾಗ ಮಾಮಾರನ್ನು ಇಬ್ಬರು ಹಿಡಿದು ಜೀಪು ಹತ್ತಿಸಿದರು. ಒಳಗಿಂದಲೇ ಕೂಗಿದರು: "ಬಾಯಾರ, ಲಗ್ನದಾಗ ಹೋಳಿಗಿ ಎಣಿಸೋದಿದ್ರ ನಾ ಉಂಡ ಮ್ಯಾಲೆ ಎಣಿಸ್ರಿ!"