ನಲವತ್ತು ಎಣಿಸುವವರೆಗೆ ಸುಮ್ಮನಿರುವುದು

ಮೊಮ್ಮಗಳ ಆಪೆರಾವನ್ನು ಹಾಳು ಮಾಡಿದ್ದು ನಾನೇ. ಮನೆಯವರು ಅದಕ್ಕೆ ಚಂದದ ಹೆಸರುಗಳನ್ನು ಇಡುತ್ತಿದ್ದಾರೆ, ನಂಬಬೇಡಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ತಪ್ಪು ಮಾಡಿದರೆ ನನಗೆ ಗೊತ್ತಾಗುತ್ತದೆ.

ಮಗನ ಮಗಳು ಸ್ವಾತಿ ಟೊರಾಂಟೊದಲ್ಲಿ ಸಂಗೀತ ಓದುತ್ತಾಳೆ. ಆಪೆರಾ ಎಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಹಿಂದೊಮ್ಮೆ ಹಳೇ ಕಾಲದ್ದೊಂದನ್ನು ತೋರಿಸಿದ್ದಳು: ರಾಜ, ರಾಣಿ, ಜರಿಯ ಅಂಗಿ, ಸಾಯುವವಳು ಕೂಡ ಕಾಲು ಗಂಟೆ ಹಾಡಿಯೇ ಸತ್ತಳು. ನನಗೆ ಬಹಳ ಹಿಡಿಸಿತ್ತು. ಈಗ ಸ್ವಾತಿ ಹಾಡುವುದು ಮಾಡರ್ನ್. ರಾಜನೂ ಇಲ್ಲ, ಜರಿಯೂ ಇಲ್ಲ. ಅಡುಗೆಮನೆಯ ಮೇಜು, ನೈಟಿ ಹಾಕಿಕೊಂಡ ಒಬ್ಬ ಹೆಂಗಸು, ತಣ್ಣಗಾದ ಚಾ.

"ಇದಕ್ಕೆ ಟಿಕೆಟ್ ಎಂತಕ್ಕೆ ಮಾರಾಯ್ತಿ? ನಿನ್ನ ಅಮ್ಮ ದಿನಾ ಬೆಳಿಗ್ಗೆ ಹೀಗೇ ಕೂತಿರ್ತಾಳೆ."

"ದಟ್ಸ್ ದ ಪಾಯಿಂಟ್, ಅಜ್ಜೀ!"

ರಾಗವಂತೂ ನಡುವೆ ಮೆಟ್ಟಿಲು ಕಿತ್ತುಹೋದ ಏಣಿಯ ಹಾಗೆ. ಚಳಿಗಾಲವಿಡೀ ಅವಳು ಬೇಸ್‌ಮೆಂಟಿನಲ್ಲಿ ಅಭ್ಯಾಸ ಮಾಡಿದಳು. ಹೀಟರಿನ ಜಾಲರಿಯಿಂದ ಬಿಸಿಗಾಳಿಯ ಜೊತೆ ಅದೂ ಮೇಲೆ ಬಂದು ನನ್ನ ಕೋಣೆಯಲ್ಲಿ ಸುತ್ತುತ್ತಿತ್ತು. ಬೈಯುತ್ತಲೇ ಕೇಳಿದೆ. ಅದು ಅವಳ ಮೊದಲ ಒಂಟಿ ಪಾತ್ರ. ಎರಡು ಶೋಗಳಲ್ಲಿ ಚೆನ್ನಾಗಿ ಹಾಡಿದರೆ ಮುಂದಿನ ವರ್ಷ ದೊಡ್ಡ ಪಾತ್ರ ಕೊಡುತ್ತೇನೆಂದು ಅವಳ ಟೀಚರು ಹೇಳಿದ್ದರಂತೆ.

ಮೊದಲ ಶೋಗೆ ಭಾನುವಾರ ಮಧ್ಯಾಹ್ನ ನಮ್ಮ ಮನೆಯಿರುವ ವಿಟ್ಬಿಯಿಂದ ಟೊರಾಂಟೊಗೆ ಹೊರಟೆವು. ಹೊರಗೆ ಹಿಂಜಿದ ಹತ್ತಿಯಂಥ ಹಿಮ, ಥಿಯೇಟರಿನ ಒಳಗೆ ಮೆತ್ತನೆಯ ಕುರ್ಚಿ, ಹೊಟ್ಟೆಯೊಳಗೆ ಸಾರನ್ನ. ದೀಪ ಆರಿದ ಮೇಲೆ ನಾನು ಎಚ್ಚರವಾಗಿದ್ದೆನೆಂದು ಆಣೆ ಹಾಕಲಾರೆ. ಸ್ವಾತಿಯ ಸ್ವರ ನೀರಿನಡಿಯಿಂದ ಬಂದ ಹಾಗೆ ಬರುತ್ತಿತ್ತು. ನಾನು ಉಡುಪಿಯ ನಮ್ಮ ಓಣಿಯ ಭಜನಾ ಮಂದಿರದಲ್ಲಿ ಚಾಪೆಯ ಮೇಲೆ ಕೂತಿದ್ದೆ. ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಎಂದೋ ತೀರಿಕೊಂಡ ನನ್ನ ಅತ್ತೆ ಪಕ್ಕದಲ್ಲಿ ಕೂತು ಆ ಮುರುಕು ರಾಗಕ್ಕೆ ಒಂದೂ ತಪ್ಪದೆ ತಾಳ ಹಾಕುತ್ತಿದ್ದರು. ಇದ್ದಕ್ಕಿದ್ದಂತೆ ಹಾಡು ನಿಂತಿತು.

ನಮ್ಮ ಭಜನೆಯಲ್ಲಿ ಒಂದು ಕ್ರಮ ಉಂಟು. ಹಾಡುವವಳು ಸಾಲು ಮರೆತು ನಿಂತರೆ ಪಕ್ಕದವಳು ಎತ್ತಿಕೊಡಬೇಕು. "ಹುಡುಗಿ ಮರೆತಳು, ಎತ್ತಿಕೊಡು!" ಎಂದು ಅತ್ತೆ ಮೊಣಕೈಯಿಂದ ತಿವಿದರು. ಮುಂದಿನ ಸಾಲಿನ ರಾಗವನ್ನು ಗಂಟಲು ಬಿಟ್ಟು ಎತ್ತಿಕೊಟ್ಟೆ.

ಕಣ್ಣು ಬಿಟ್ಟರೆ ಸಭೆಯ ತಲೆಗಳೆಲ್ಲ ನನ್ನ ಕಡೆ. ತಿವಿಯುತ್ತಿದ್ದವಳು ನನ್ನ ಸೊಸೆ, ಬಾಯಿ ಮುಚ್ಚಿಸಲಿಕ್ಕೆ.

ಶೋ ಮುಗಿದ ಮೇಲೆ ಟೀಚರು ಬಂದು "ಬ್ಯೂಟಿಫುಲ್ ಆಕ್ಸಿಡೆಂಟ್" ಎಂದರು. "ಅಮ್ಮಾ, ಮಾಡರ್ನ್ ಆರ್ಟಲ್ಲಿ ಮಿಸ್ಟೇಕ್ ಅಂತ ಇಲ್ವೇ ಇಲ್ಲ" ಎಂದ ಮಗ. ಕಾರಿನಲ್ಲಿ ಸ್ವಾತಿ ಒಬ್ಬಳೇ ನಿಜ ಹೇಳಿದಳು.

"ನಾನು ಮರೀಲಿಲ್ಲ ಅಜ್ಜಿ. ಅದು ಸೈಲೆನ್ಸ್. ಫಾರ್ಟಿ ಕೌಂಟ್ಸ್. ನಾಟಕದ ಆ ಹೆಂಗಸಿನ ಮಗ ಸತ್ತಿದ್ದಾನೆ. ಶಿ ಕಾಂಟ್ ಸಿಂಗ್." ಅಷ್ಟು ಹೇಳಿ ಅತ್ತಳು.

ಹಳೆಯದರಲ್ಲಿ ಸಾಯುವವಳೂ ಹಾಡುತ್ತಾಳೆ. ಇದರಲ್ಲಿ ಬದುಕಿ ಉಳಿದವಳಿಗೆ ಬಾಯಿ ಬರುವುದಿಲ್ಲ. ಮಾಡರ್ನ್ ನನಗೆ ಅರ್ಥವಾದದ್ದು ಇಷ್ಟು, ಅದೂ ತಡವಾಗಿ. ನಾನು ಅವಳನ್ನು ಸಮಾಧಾನ ಮಾಡಲಿಲ್ಲ, ಅವಳ ಸಿಟ್ಟು ಸರಿಯಾಗಿಯೇ ಇತ್ತು.

"ತಪ್ಪಾಯ್ತು. ಶನಿವಾರ ಇನ್ನೊಂದು ಶೋ ಉಂಟಲ್ಲ, ಬರ್ತೇನೆ."

"ಅಜ್ಜಿ, ಪ್ಲೀಸ್, ನೋ! ಮೊದಲು ಮನೇಲಿ ನಲವತ್ತು ಸುಮ್ನೆ ಕೂತು ತೋರ್ಸು. ದೆನ್ ಟಿಕೆಟ್."

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತೆ. ಚಾ ತಣ್ಣಗಾಗಲು ಬಿಟ್ಟು, ಬಾಯಿ ಮುಚ್ಚಿ, ಮನಸ್ಸಿನಲ್ಲೇ ಎಣಿಸಿದೆ. ಎದುರಿಗೆ ಸ್ವಾತಿ ಗಡಿಯಾರ ನೋಡುತ್ತಾ ನಿಂತಿದ್ದಳು. ಇಪ್ಪತ್ತಮೂರಕ್ಕೆ ಬಂದಾಗ, ಸೊಸೆ ಒಲೆಯ ಮೇಲೆ ಮರೆತುಹೋದ ಹಾಲು ಏಳುವುದು ಕಂಡಿತು. ಸುಮ್ಮನಿದ್ದೆ. ಉಕ್ಕಿತು. ಸುಮ್ಮನಿದ್ದೆ. ಒಲೆಯಿಂದ ನೆಲಕ್ಕಿಳಿಯಿತು. ಮೂವತ್ತೊಂದಕ್ಕೆ ನನ್ನ ಬಾಯಿ ತೆರೆದುಕೊಂಡಿತು, ಸೊಸೆಗೆ ಬೈದೆ.

"ಫ್ರಮ್ ಒನ್, ಅಜ್ಜಿ" ಎಂದಳು ಸ್ವಾತಿ.

ನೆಲ ಒರೆಸಿ, ಇನ್ನೊಂದು ಪಾತ್ರೆ ಹಾಲು ಒಲೆಯ ಮೇಲಿಟ್ಟು, ಒಂದರಿಂದ ಎಣಿಸತೊಡಗಿದೆ.